ಹಾಜರಿ ಯಂತ್ರ ಕೊಳ್ಳುವ ಮುನ್ನ ಪಗಾರದ ದಿನ ನೆನಪಿರಲಿ

ಸಿಂಧನೂರಿನ ರೈಸ್ ಮಿಲ್ಲಿನ ಗೇಟಿನಲ್ಲಿ, ಲಿಂಗಸುಗೂರಿನ ಖಾಸಗಿ ಶಾಲೆಯ ಆಫೀಸಿನಲ್ಲಿ, ಮಸ್ಕಿಯ ಬಟ್ಟೆ ಅಂಗಡಿಯ ಗಲ್ಲಾದ ಪಕ್ಕದಲ್ಲಿ ಈಗ ಹಾಜರಿ ಯಂತ್ರಗಳು ಬರುತ್ತಿವೆ. ಯಂತ್ರ ಇಲ್ಲದ ಕಡೆ ಮಾಲೀಕರ ಮೊಬೈಲಿನಲ್ಲೇ ಆ್ಯಪ್ ಇರುತ್ತದೆ. ಮಾರಲು ಬಂದವರ ಮುಂದೆ ನಮ್ಮ ಮಾಲೀಕರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಎರಡು. "ಎಷ್ಟಾಗ್ತದ?" ಮತ್ತು "ಒಬ್ಬರ ಹಾಜರಿ ಇನ್ನೊಬ್ಬರು ಹಾಕಾಕ ಬರಲ್ಲ, ಹೌದಲ್ಲ?"

ಕೇಳಬೇಕಾದ ಮೂರನೆಯ ಪ್ರಶ್ನೆಯೊಂದಿದೆ. ಕೆಲಸಗಾರ ತನ್ನ ಲೆಕ್ಕವನ್ನು ತಾನೇ ನೋಡಬಹುದೇ, ತಪ್ಪಿದ್ದರೆ ಅದನ್ನು ಸರಿ ಮಾಡಿಸಿಕೊಳ್ಳುವ ದಾರಿ ಇದೆಯೇ? ಇದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಆ ತಂತ್ರಾಂಶ ಎಷ್ಟೇ ಅಗ್ಗವಿರಲಿ, ಎಷ್ಟೇ ಚುರುಕಾಗಿರಲಿ, ಕೊಳ್ಳಬೇಡಿ ಎನ್ನುವುದು ನಮ್ಮ ಅಭಿಪ್ರಾಯ.

ಈ ಮಾತನ್ನು ನಾವು ಯಾಕೆ ಹೇಳುತ್ತಿದ್ದೇವೆ ಎಂದರೆ, ಪಗಾರದ ಜಗಳಗಳು ತಾಲ್ಲೂಕು ವರದಿಗಾರರ ಕಿವಿಗೆ ಬೀಳುತ್ತಲೇ ಇರುತ್ತವೆ. ಅವುಗಳಲ್ಲಿ ಹೆಚ್ಚಿನವು ಸುದ್ದಿಯಾಗುವುದಿಲ್ಲ. ಕೆಲಸಗಾರ 26 ದಿನ ಬಂದೀನಿ ಅಂತಾನೆ, ಪುಸ್ತಕ 23 ಅನ್ನುತ್ತದೆ. ಮೂರು ದಿನದ ಪಗಾರಕ್ಕಾಗಿ ಯಾರೂ ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತುವುದಿಲ್ಲ. ಬೈದಾಡಿಕೊಂಡು ಕೆಲಸ ಬಿಡುತ್ತಾರೆ, ಇಲ್ಲವೇ ನುಂಗಿಕೊಂಡು ಮುಂದುವರಿಯುತ್ತಾರೆ. ಗುಳೆ ಹೋಗಿ ಬೆಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡುವ ನಮ್ಮ ಕಡೆಯ ಜನರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಅವರ ಹಾಜರಿ ಇರುವುದು ಮೇಸ್ತ್ರಿಯ ಡೈರಿಯಲ್ಲಿ. ನಾವು ಅರೆಕಾಲಿಕ ವರದಿಗಾರರಿಗಂತೂ ಹಾಜರಿಯೇ ಇಲ್ಲ, ಹೆಚ್ಚಿನವರಿಗೆ ಅಚ್ಚಾದ ಸುದ್ದಿಯ ಲೆಕ್ಕದಲ್ಲೇ ದುಡ್ಡು. ಲೆಕ್ಕ ಒಂದೇ ಕೈಯಲ್ಲಿದ್ದರೆ ಏನಾಗುತ್ತದೆ ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಹಳೆಯ ಹಾಜರಿ ಪುಸ್ತಕದಲ್ಲಿ ದೋಷಗಳಿದ್ದವು. ಆದರೆ ಅದರಲ್ಲಿ ಕೆಲಸಗಾರನ ಸಹಿ ಇರುತ್ತಿತ್ತು, ಸಹಿ ಹಾಕುವಾಗ ನಿನ್ನೆಯ, ಮೊನ್ನೆಯ ಕಾಲಂ ಕಣ್ಣಿಗೆ ಬೀಳುತ್ತಿತ್ತು. ಓದು ಬರದವರು ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿಕೊಳ್ಳುತ್ತಿದ್ದರು. ಹಾಜರಿ ಗಡಿಯಾರದ ಕಥೆಯೂ ಹೀಗೆಯೇ. ಅಮೆರಿಕದ ಆಬರ್ನ್ ಎಂಬ ಊರಿನ ವಿಲಾರ್ಡ್ ಬಂಡಿ 1888ರಲ್ಲಿ ಇಂಥ ಗಡಿಯಾರ ರೂಪಿಸಿದ. ಅವನ ಕುಟುಂಬ ಕಟ್ಟಿದ ಕಂಪನಿ ಮುಂದೆ ಬೇರೆ ಕಂಪನಿಗಳೊಡನೆ ಸೇರುತ್ತಾ ಐಬಿಎಂ ಆಯಿತು. ಆಮೇಲೆ ಬಂದ ಕಾರ್ಡಿನ ಗಡಿಯಾರಗಳಲ್ಲಿ ಕೆಲಸಗಾರ ತನ್ನ ಕಾರ್ಡನ್ನು ಯಂತ್ರಕ್ಕೆ ತೂರಿಸಿದರೆ ಅದರ ಮೇಲೇ ಸಮಯ ಅಚ್ಚಾಗುತ್ತಿತ್ತು. ಎಷ್ಟು ಗಂಟೆಗೆ ಬಂದೆ, ಎಷ್ಟಕ್ಕೆ ಹೋದೆ ಎನ್ನುವುದು ಅವನ ಕಣ್ಣ ಮುಂದೆಯೇ ಇರುತ್ತಿತ್ತು. ಈಗಿನ ಯಂತ್ರ ಬೆರಳು ತೆಗೆದುಕೊಂಡು ಟಿಂಗ್ ಎನ್ನುತ್ತದೆ. ಆ ಟಿಂಗ್ ಎಲ್ಲಿ ದಾಖಲಾಯಿತು, ಆಮೇಲೆ ಅದನ್ನು ಯಾರು ತಿದ್ದಿದರು ಎನ್ನುವುದು ಬೆರಳಿಟ್ಟವನಿಗೆ ತಿಳಿಯುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ಡಿಜಿಟಲ್ ಹಾಜರಿಯ ಅತಿ ದೊಡ್ಡ ಪ್ರಯೋಗ ನಡೆದದ್ದು ನರೇಗಾದಲ್ಲಿ. ಎನ್‌ಎಂಎಂಎಸ್ ಎಂಬ ಮೊಬೈಲ್ ಆ್ಯಪನ್ನು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ 2021ರ ಮೇ ತಿಂಗಳಲ್ಲಿ ಶುರು ಮಾಡಿತು. 2022ರ ಮೇ 16ರಿಂದ 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಾಮಗಾರಿಗಳಿಗೆ, 2023ರ ಜನವರಿ 1ರಿಂದ ವೈಯಕ್ತಿಕ ಫಲಾನುಭವಿ ಕಾಮಗಾರಿಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಕಡ್ಡಾಯವಾಯಿತು. ಕಾಯಕ ಬಂಧು ಕೆಲಸದ ಜಾಗದಲ್ಲಿ ನಿಂತು ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೊ ತೆಗೆದು, ಸ್ಥಳದ ಗುರುತಿನೊಂದಿಗೆ ಏರಿಸಬೇಕಿತ್ತು. ಸುಳ್ಳು ಹಾಜರಿ ನಿಲ್ಲಬೇಕು ಎಂಬುದು ಉದ್ದೇಶ. ಉದ್ದೇಶದ ಬಗ್ಗೆ ನಮಗೂ ತಕರಾರಿಲ್ಲ.

ಆದದ್ದೇನು? ನೆಟ್‌ವರ್ಕ್ ಸಿಗದ ಗುಡ್ಡದ ಬದಿಯಲ್ಲಿ, ಕೆರೆಯಂಗಳದಲ್ಲಿ ಫೋಟೊ ಏರದಿದ್ದರೆ ಇಡೀ ದಿನದ ಬೆವರು ಲೆಕ್ಕಕ್ಕೆ ಬರುತ್ತಿರಲಿಲ್ಲ. ಬೇಸಿಗೆಯಲ್ಲಿ ನಸುಕಿನಲ್ಲೇ ಬಂದು ಬಿಸಿಲೇರುವ ಮುನ್ನ ಮಣ್ಣು ಎತ್ತಿ ಮುಗಿಸಿದವರು ಎರಡನೆಯ ಫೋಟೊಗಾಗಿ ಕಾಯಬೇಕಾಯಿತು. 2023ರಲ್ಲಿ ಹಲವು ರಾಜ್ಯಗಳ ಕೂಲಿಕಾರರು ದೆಹಲಿಯ ಜಂತರ್ ಮಂತರಿನಲ್ಲಿ ಇದರ ವಿರುದ್ಧ ದಿನಗಟ್ಟಲೆ ಧರಣಿ ಕೂತರು. ಅಸಾಧಾರಣ ಸಂದರ್ಭದಲ್ಲಿ ಹಾಜರಿಯನ್ನು ಕೈಯಿಂದ ಸೇರಿಸಲು ಸಚಿವಾಲಯ ಅವಕಾಶ ಕೊಟ್ಟಿತು ನಿಜ. ಆದರೆ ಆ ಅಧಿಕಾರ ಇದ್ದದ್ದು ಜಿಲ್ಲಾ ಕಾರ್ಯಕ್ರಮ ಸಮನ್ವಯಾಧಿಕಾರಿಗೆ. ತಪ್ಪು ಆಗುವುದು ಮಸ್ಕಿಯ ಹಳ್ಳಿಯಲ್ಲಿ, ತಿದ್ದುವ ಕೈ ರಾಯಚೂರಿನಲ್ಲಿ. ಒಂದು ದಿನದ ಕೂಲಿಗಾಗಿ ಅಷ್ಟು ದೂರ ಹೋಗಿ ಬರುವವರು ಯಾರು?

ಇಷ್ಟು ಬಿಗಿ ಮಾಡಿದ ಮೇಲೆ ಮೋಸವಾದರೂ ನಿಂತಿತೇ? 2025ರ ಜುಲೈನಲ್ಲಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು ದುರುಪಯೋಗದ ಪಟ್ಟಿ ಕೊಟ್ಟಿತು. ಕೆಲಸಕ್ಕೆ ಸಂಬಂಧವೇ ಇಲ್ಲದ ಫೋಟೊಗಳು, ಹಳೆಯ ಫೋಟೊವನ್ನೇ ಮತ್ತೆ ಫೋಟೊ ಹೊಡೆದು ಏರಿಸಿದ್ದು, ಒಂದೇ ಮುಖ ಹಲವು ಎನ್‌ಎಂಆರ್‌ಗಳಲ್ಲಿ ಕಂಡದ್ದು ಅದರಲ್ಲಿದ್ದವು. ಕೊನೆಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಎಲ್ಲ ಫೋಟೊಗಳನ್ನೂ ಮನುಷ್ಯರೇ ಕೂತು ಪರಿಶೀಲಿಸಬೇಕೆಂದು ಹೇಳಲಾಯಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ನರೇಗಾದ ಜಾಗಕ್ಕೆ ಹೊಸ ಕಾಯ್ದೆಯನ್ನೇ ಒಪ್ಪಿತು. ಕಾಯ್ದೆ ಯಾವುದಾದರೂ ಈ ಪಾಠ ಉಳಿಯುತ್ತದೆ. ಮೋಸ ಮಾಡುವವರು ಯಂತ್ರಕ್ಕೂ ದಾರಿ ಹುಡುಕುತ್ತಾರೆ. ಪ್ರಾಮಾಣಿಕವಾಗಿ ದುಡಿದವರು ಮಾತ್ರ ಯಂತ್ರ ತಪ್ಪಿದಾಗ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಲ್ಲುತ್ತಾರೆ.

ಇದಕ್ಕೆ ತದ್ವಿರುದ್ಧ ಉದಾಹರಣೆಯೂ ನಮ್ಮ ಮಗ್ಗುಲಲ್ಲೇ ಇದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಗಣಿಗಳಲ್ಲಿ ಹಾಜರಿಯ ಅರ್ಥವೇ ಬೇರೆ. 1952ರ ಗಣಿ ಕಾಯ್ದೆ, ನೆಲದಡಿ ಈ ಕ್ಷಣದಲ್ಲಿ ಯಾರ್ಯಾರು ಇದ್ದಾರೆ ಎಂಬುದನ್ನು ಯಾವ ಹೊತ್ತಿನಲ್ಲಿ ತೆರೆದರೂ ತೋರಿಸುವ ರಿಜಿಸ್ಟರ್ ಇರಬೇಕೆಂದು ಹೇಳಿತ್ತು. ಕೆಳಗೆ ಏನಾದರೂ ಅನಾಹುತವಾದರೆ ಎಷ್ಟು ಜನರನ್ನು ಮೇಲಕ್ಕೆ ತರಬೇಕು ಎಂದು ತಿಳಿಯಲು ಅದು ಬೇಕು. ಅಲ್ಲಿ ಹಾಜರಿ ತಪ್ಪಿಲ್ಲದಿರಲಿ ಎಂದು ಕೆಲಸಗಾರನೇ ಬಯಸುತ್ತಾನೆ, ಅದು ಅವನ ಜೀವದ ಲೆಕ್ಕ. ನಿಮ್ಮ ಮಿಲ್ಲಿನ, ಅಂಗಡಿಯ ಹಾಜರಿಯೂ ಕೆಲಸಗಾರನಿಗೆ ತನ್ನದು ಅನ್ನಿಸಬೇಕು. ಹಾಗನ್ನಿಸಿದ ದಿನ ಕಾವಲಿನ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಇನ್ನು ಆಯ್ಕೆಯ ಮಾತಿಗೆ ಬರೋಣ. ಮೊದಲು ನೋಡಬೇಕಾದ್ದು ನಿಮ್ಮಲ್ಲಿ ಯಾರಿಗೆ ಯಾವ ಲೆಕ್ಕದ ಪಗಾರ ಎನ್ನುವುದನ್ನು. ಮಿಲ್ಲಿನಲ್ಲಿ ಗುಮಾಸ್ತರಿಗೆ ತಿಂಗಳ ಪಗಾರ, ಯಂತ್ರ ನಡೆಸುವವರಿಗೆ ಪಾಳಿಯ ಲೆಕ್ಕ, ಹಮಾಲರಿಗೆ ಚೀಲದ ಲೆಕ್ಕ. ಚೀಲ ಎಣಿಸಿ ದುಡ್ಡು ಕೊಡುವ ಹಮಾಲರ ಹೆಬ್ಬೆರಳನ್ನು ದಿನಕ್ಕೆ ನಾಲ್ಕು ಸಲ ಒತ್ತಿಸಿಕೊಂಡರೆ ಅವರ ಹೊತ್ತು ಹಾಳಾಗುತ್ತದೆ, ನಿಮಗೆ ಸಿಗುವುದು ಏನೂ ಇಲ್ಲ. ಅವರಿಗೆ ಬೇಕಾದ್ದು ಚೀಲದ ಎಣಿಕೆಯ ಚೀಟಿ. ತಂತ್ರಾಂಶ ಮಾರುವವರು ಎಲ್ಲರನ್ನೂ ಸೇರಿಸಿ ತಲೆ ಲೆಕ್ಕದಲ್ಲಿ ದರ ಹೇಳುತ್ತಾರೆ. ಯಾರಿಗೆ ಬೇಕೋ ಅಷ್ಟೇ ಜನಕ್ಕೆ ತೆಗೆದುಕೊಳ್ಳಿ.

ಎರಡನೆಯದು ಗುರುತು ಹಿಡಿಯುವ ಬಗೆ. ಸುಣ್ಣ, ಸಿಮೆಂಟ್, ಭತ್ತದ ತೌಡಿನಲ್ಲಿ ಕೆಲಸ ಮಾಡುವ ಕೈಗಳಲ್ಲಿ ಬೆರಳಿನ ಗೆರೆ ಸವೆದಿರುತ್ತದೆ, ಯಂತ್ರ ಮತ್ತೆ ಮತ್ತೆ ಬೇಡ ಎನ್ನುತ್ತದೆ. ಮುಖ ನೋಡುವ ಯಂತ್ರ ಆ ಮಟ್ಟಿಗೆ ಮೇಲು, ಆದರೆ ಮಬ್ಬು ಬೆಳಕಿನಲ್ಲಿ, ದೂಳು ಕೂತ ಗಾಜಿನಲ್ಲಿ, ಮುಖಕ್ಕೆ ಟವೆಲ್ ಸುತ್ತಿಕೊಂಡವರ ಮುಂದೆ ಅದೂ ಮುಗ್ಗರಿಸುತ್ತದೆ. ಕಾರ್ಡು ಸರಳ ಮತ್ತು ಅಗ್ಗ, ಆದರೆ ಒಬ್ಬರ ಕಾರ್ಡನ್ನು ಇನ್ನೊಬ್ಬರು ತೋರಿಸಬಹುದು. ಮೊಬೈಲ್ ಆ್ಯಪ್ ಆದರೆ ಎಲ್ಲರ ಬಳಿ ಸ್ಮಾರ್ಟ್‌ಫೋನ್ ಇದೆಯೇ, ಡೇಟಾ ಖರ್ಚು ಯಾರದ್ದು ಎಂದು ಮೊದಲೇ ಮಾತಾಗಬೇಕು. ಯಾವುದನ್ನೇ ಕೊಂಡರೂ ಒಂದಕ್ಕೆ ಇನ್ನೊಂದು ಬದಲಿ ಇರಲಿ. ಬೆರಳು ಹಿಡಿಯದವರಿಗೆ ಕಾರ್ಡು, ಕರೆಂಟ್ ಹೋದ ದಿನಕ್ಕೆ ಪುಸ್ತಕ. ಇಂಟರ್ನೆಟ್ ಇಲ್ಲದಾಗಲೂ ಹಾಜರಿಯನ್ನು ತನ್ನಲ್ಲೇ ಇಟ್ಟುಕೊಂಡು ಆಮೇಲೆ ಕಳಿಸುವ ಯಂತ್ರವೇ ನಮ್ಮ ಕಡೆಗೆ ಸರಿ. ಮಾರುವವರ ಎದುರೇ ವೈರ್ ಕಿತ್ತು ಪರೀಕ್ಷಿಸಿ.

ಮೂರನೆಯದು, ಹೆಚ್ಚಿನವರು ನೋಡದೇ ಬಿಡುವುದು, ತಂತ್ರಾಂಶದೊಳಗಿನ ನಿಯಮಗಳು. ಹಣ ಸೋರುವುದು ಇಲ್ಲಿ. ಉದಾಹರಣೆಗೆ, ಐದು ನಿಮಿಷಕ್ಕಿಂತ ತಡವಾದರೆ ಅರ್ಧ ಗಂಟೆ ಕಡಿತ ಎಂದು ನಿಯಮ ಹಾಕಿದ್ದೀರಿ ಎನ್ನಿ. ಒಬ್ಬ ಹುಡುಗ ತಿಂಗಳಲ್ಲಿ ಹತ್ತು ದಿನ ಆರಾರು ನಿಮಿಷ ತಡವಾಗಿ ಬಂದ. ಅವನು ತಪ್ಪಿಸಿದ್ದು 60 ನಿಮಿಷ, ಕಡಿತವಾದದ್ದು 300 ನಿಮಿಷ. ಅದೇ ಹುಡುಗ ಸಂಜೆ ಗಿರಾಕಿ ಹೋಗುವ ತನಕ ಪ್ರತಿದಿನ 20 ನಿಮಿಷ ಹೆಚ್ಚು ನಿಲ್ಲುತ್ತಾನೆ, ಅರ್ಧ ಗಂಟೆ ಆಗಿಲ್ಲವೆಂದು ಯಂತ್ರ ಅದನ್ನು ಎಣಿಸುವುದಿಲ್ಲ. 26 ದಿನಕ್ಕೆ 520 ನಿಮಿಷ, ಅಂದರೆ 8 ಗಂಟೆ 40 ನಿಮಿಷ. ತಿಂಗಳಿಗೆ ಒಂದು ದಿನದ ಕೆಲಸ ಪುಕ್ಕಟೆ. ಇದರಲ್ಲಿ ಯಾರೂ ಕದ್ದಿಲ್ಲ, ಯಾರೂ ಸುಳ್ಳು ಬರೆದಿಲ್ಲ. ಒಂದು ಸಲ ಒತ್ತಿದ ಸೆಟ್ಟಿಂಗ್ ಪ್ರತಿ ತಿಂಗಳೂ ಕತ್ತರಿಸುತ್ತಲೇ ಹೋಗುತ್ತದೆ. ಬೆಳಿಗ್ಗೆಯ ನಿಮಿಷಕ್ಕೆ ಒಂದು ತಕ್ಕಡಿ, ಸಂಜೆಯ ನಿಮಿಷಕ್ಕೆ ಇನ್ನೊಂದು ತಕ್ಕಡಿ ಇರಬಾರದು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗೆ ಅನ್ವಯಿಸುವ ಕರ್ನಾಟಕದ 1961ರ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಇಟ್ಟು, ಅದನ್ನು ದಾಟಿದರೆ ಎರಡು ಪಟ್ಟು ಕೂಲಿ ಕೊಡಬೇಕೆಂದು ಹೇಳಿತು. ತಂತ್ರಾಂಶದಲ್ಲಿ ಓಟಿಯ ಕಾಲಂ ಚಾಲೂ ಇದೆಯೋ ಇಲ್ಲವೋ ನೋಡಿ.

ನಾಲ್ಕನೆಯದು ತಿದ್ದುಪಡಿ. ಹಾಜರಿಯನ್ನು ತಿದ್ದುವ ಅವಕಾಶ ಇರಲೇಬೇಕು, ಯಂತ್ರ ತಪ್ಪುತ್ತದೆ. ಆದರೆ ಯಾರು, ಯಾವಾಗ, ಏನಿದ್ದುದನ್ನು ಏನು ಮಾಡಿದರು, ಯಾಕೆ ಎನ್ನುವುದು ಅಳಿಸಲಾಗದಂತೆ ಉಳಿಯಬೇಕು. ತಿದ್ದಿದ ಕೂಡಲೇ ಕೆಲಸಗಾರನ ಮೊಬೈಲಿಗೆ ಒಂದು ಸಂದೇಶ ಹೋಗಬೇಕು, ಅದೂ ಕನ್ನಡದಲ್ಲಿ. ಬಿಹಾರದಿಂದ ಬಂದು ಮಿಲ್ಲಿನಲ್ಲಿ ದುಡಿಯುವವರಿಗಾದರೆ ಹಿಂದಿಯಲ್ಲಿ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ವಾರಕ್ಕೊಮ್ಮೆ ಹಾಳೆ ತೆಗೆದು ಕೊಡಿ. ಎಲ್ಲರ ಹಾಳೆಯನ್ನೂ ಗೋಡೆಗೆ ಅಂಟಿಸಬೇಡಿ, ಯಾರ ರಜೆ ಯಾಕೆ ಎನ್ನುವುದು ಊರಿನ ಮಾತಾಗಬಾರದು.

ಐದನೆಯದು ದಾಖಲೆಯ ಒಡೆತನ. ಕಂಪನಿ ಮುಚ್ಚಿದರೆ, ನೀವು ಚಂದಾ ನಿಲ್ಲಿಸಿದರೆ ಹಳೆಯ ಹಾಜರಿ ನಿಮ್ಮ ಕೈಗೆ ಸಿಗುತ್ತದೆಯೇ? 2021ರ ಡಿಸೆಂಬರಿನಲ್ಲಿ ಅಮೆರಿಕದ ಕ್ರೋನೋಸ್ ಎಂಬ ದೊಡ್ಡ ಹಾಜರಿ ಸೇವೆಯ ಮೇಲೆ ಸೈಬರ್ ದಾಳಿಯಾಗಿ ವಾರಗಟ್ಟಲೆ ನಿಂತುಹೋಯಿತು. ಆಸ್ಪತ್ರೆಗಳು, ನಗರಸಭೆಗಳು ಮತ್ತೆ ಕಾಗದ ಹಿಡಿದು ಕೂತವು, ಎಷ್ಟೋ ಜನರಿಗೆ ಪಗಾರ ಹೆಚ್ಚುಕಡಿಮೆಯಾಯಿತು. ಅಂಥವರಿಗೇ ಹಾಗಾದರೆ ನಮ್ಮ ಪಾಡೇನು? ತಿಂಗಳಿಗೊಮ್ಮೆ ಎಕ್ಸೆಲ್ ಹಾಳೆಯಾಗಿ ಇಳಿಸಿಕೊಳ್ಳಲು ಬಾರದ ತಂತ್ರಾಂಶವನ್ನು ಮನೆಗೆ ತರಬೇಡಿ.

ಬೆರಳು ಮತ್ತು ಮುಖದ ಗುರುತನ್ನು ಇನ್ನೂ ಜೋಪಾನವಾಗಿ ನೋಡಬೇಕು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಹೆಬ್ಬೆರಳು ಬದಲಿಸಲಾಗುವುದಿಲ್ಲ. ಬ್ರಿಟನ್ನಿನಲ್ಲಿ ಸರ್ಕೋ ಲೀಷರ್ ಎಂಬ ಕಂಪನಿ 38 ಕೇಂದ್ರಗಳಲ್ಲಿ 2,000ಕ್ಕೂ ಹೆಚ್ಚು ನೌಕರರ ಹಾಜರಿಗೆ ಮುಖ ಮತ್ತು ಬೆರಳಿನ ಗುರುತು ಬಳಸುತ್ತಿತ್ತು. ಕಾರ್ಡಿನಂಥ ಸರಳ ದಾರಿ ಇರುವಾಗ ಇದು ಅತಿಯಾಯಿತು ಎಂದು 2024ರ ಫೆಬ್ರುವರಿಯಲ್ಲಿ ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ ಅದನ್ನು ನಿಲ್ಲಿಸುವಂತೆ ಆದೇಶಿಸಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಉದ್ಯೋಗದ ಉದ್ದೇಶಕ್ಕೆ ಮಾಲೀಕರಿಗೆ ಒಂದಿಷ್ಟು ಸಡಿಲಿಕೆ ಕೊಟ್ಟಿದೆ, ಆದರೆ ದತ್ತಾಂಶ ಕಾಯುವ ಹೊಣೆಯಿಂದ ಬಿಟ್ಟಿಲ್ಲ. ರಕ್ಷಣೆಯಲ್ಲಿ ಎಡವಿದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಕೆಲಸ ಬಿಟ್ಟವರ ಬೆರಳಿನ ಗುರುತನ್ನು ಯಂತ್ರದಿಂದ ಅಳಿಸುತ್ತೀರಾ? ಸಾಲ ವಸೂಲಿಗೋ, ಗೊಬ್ಬರ, ಔಷಧ ಮಾರಾಟಕ್ಕೋ ಊರೂರು ತಿರುಗುವ ಹುಡುಗರ ಸ್ಥಳವನ್ನು ಕೆಲಸ ಮುಗಿದ ಮೇಲೂ ಆ್ಯಪ್ ಹಿಂಬಾಲಿಸುತ್ತದೆಯೇ? ಚಂಡೀಗಢದಲ್ಲಿ ಪೌರಕಾರ್ಮಿಕರ ಕೈಗೆ ಜಿಪಿಎಸ್ ಗಡಿಯಾರ ಕಟ್ಟಿದಾಗ ಅವರು ಬೀದಿಗಿಳಿದದ್ದು ಈ ಕಾರಣಕ್ಕೇ.

ಮಾಲೀಕರ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ. ಮುಂಗಡ ತೆಗೆದುಕೊಂಡು ಬಾರದವರಿದ್ದಾರೆ, ಬಂದು ಸಹಿ ಹಾಕಿ ಚಹಾ ಅಂಗಡಿಯಲ್ಲಿ ಕೂರುವವರಿದ್ದಾರೆ, ಒಬ್ಬರಿಗಾಗಿ ಇನ್ನೊಬ್ಬರು ಹಾಜರಿ ಹಾಕುವುದೂ ಇದೆ. ಸುಗ್ಗಿಯಲ್ಲಿ ಮಿಲ್ಲು ಹಗಲು ರಾತ್ರಿ ನಡೆಯುವಾಗ ಪಾಳಿಗೆ ಜನ ಬಾರದಿದ್ದರೆ ಆಗುವ ನಷ್ಟ ಸಣ್ಣದಲ್ಲ. ಇದನ್ನು ತಡೆಯಲು ಯಂತ್ರ ಬೇಕೆಂದರೆ ತಪ್ಪೇನೂ ಇಲ್ಲ. ಆದರೆ ಯಂತ್ರ ಗೇಟಿನ ಹೊತ್ತನ್ನು ಮಾತ್ರ ಹೇಳುತ್ತದೆ, ಒಳಗೆ ನಡೆದ ಕೆಲಸವನ್ನು ಹೇಳುವುದಿಲ್ಲ. ಅದಕ್ಕೆ ಮೇಲ್ವಿಚಾರಕರ ಕಣ್ಣೇ ಬೇಕು.

ಕಾನೂನಿನ ದೃಷ್ಟಿಯಿಂದಲೂ ಪಾರದರ್ಶಕ ದಾಖಲೆ ಮಾಲೀಕರಿಗೇ ಒಳ್ಳೆಯದು. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂದಿದೆ. ಅದರ ಪ್ರಕಾರ ಕೆಲಸಗಾರನಿಗೆ ಪಗಾರದ ಚೀಟಿ ಕೊಡಬೇಕು. ಪಗಾರ ಕಡಿಮೆ ಬಂತೆಂದು ಆತ ದೂರಿದರೆ, ಪೂರ್ತಿ ಕೊಟ್ಟಿದ್ದೇನೆಂದು ಸಾಬೀತು ಮಾಡುವ ಹೊಣೆ ಮಾಲೀಕರದ್ದು. ಒಬ್ಬರೇ ತಿದ್ದಬಹುದಾದ, ಒಬ್ಬರೇ ನೋಡಬಹುದಾದ ದಾಖಲೆಯನ್ನು ಮುಂದಿಟ್ಟರೆ ಯಾರು ನಂಬುತ್ತಾರೆ? ಪ್ರತಿ ತಿಂಗಳು ಕೆಲಸಗಾರ ನೋಡಿ ಒಪ್ಪಿದ ದಾಖಲೆಯ ತೂಕವೇ ಬೇರೆ.

ಖರ್ಚಿನ ಮಾತು. ಗ್ರೇಟ್‌ಎಚ್‌ಆರ್, ಕೇಕಾ, ಜೋಹೋ ಪೀಪಲ್‌ನಂಥ ಚಂದಾ ಸೇವೆಗಳಿವೆ, ಫ್ರಾಪೆ ಎಚ್‌ಆರ್‌ನಂಥ ಮುಕ್ತ ತಂತ್ರಾಂಶವೂ ಇದೆ. ಮುಕ್ತ ತಂತ್ರಾಂಶಕ್ಕೆ ದುಡ್ಡಿಲ್ಲ, ನಡೆಸಲು ಬಲ್ಲವರು ಬೇಕು. ತಲೆಗೆ ತಿಂಗಳಿಗೆ 50 ರೂಪಾಯಿ ಎಂದುಕೊಂಡರೂ 30 ಜನರಿಗೆ ವರ್ಷಕ್ಕೆ 18,000 ಆಗುತ್ತದೆ. ಕೆಲವರು ಕನಿಷ್ಠ ಇಷ್ಟು ಜನಕ್ಕೆಂದು ದರ ಕಟ್ಟುತ್ತಾರೆ, ಆಗ ಎಂಟು ಜನರ ಅಂಗಡಿಯವರು ಐವತ್ತು ಜನರ ದುಡ್ಡು ಕಟ್ಟಬೇಕಾದೀತು. ಎಂಟು ಹತ್ತು ಜನ ಇರುವ ಕಡೆ ಯಂತ್ರವೇ ಬೇಡ ಎನ್ನುತ್ತೇವೆ. ಒಂದು ಒಳ್ಳೆಯ ಪುಸ್ತಕ, ಬಂದಾಗ ಹೋದಾಗ ಸಹಿ, ಶನಿವಾರ ಆ ಪುಟದ ಫೋಟೊವನ್ನು ಅವರವರ ಸಾಲು ಮಾತ್ರ ಕಾಣುವಂತೆ ತೆಗೆದು ವಾಟ್ಸ್‌ಆ್ಯಪಿಗೆ ಕಳಿಸಿ. ಸಾಕು.

ದೊಡ್ಡ ಮಿಲ್ಲು, ಶಾಲೆ, ಆಸ್ಪತ್ರೆಯವರಿಗೆ ನಮ್ಮದೊಂದು ಸಲಹೆ. ಒಂದೇ ಸಲ ವರ್ಷದ ಚಂದಾ ಕಟ್ಟಬೇಡಿ. ಒಂದು ತಿಂಗಳು ಹಳೆಯ ಪುಸ್ತಕ ಮತ್ತು ಹೊಸ ಯಂತ್ರ ಎರಡನ್ನೂ ಜೊತೆಗೆ ನಡೆಸಿ. ಆ ತಿಂಗಳ ಪಗಾರ ಪುಸ್ತಕದ ಲೆಕ್ಕದಲ್ಲೇ ಇರಲಿ. ಒಂದನೇ ತಾರೀಕಿಗೆ ನಾಲ್ಕು ಜನ ಕೆಲಸಗಾರರನ್ನು ಕೂರಿಸಿಕೊಂಡು ಎರಡನ್ನೂ ಹೋಲಿಸಿ. ಅವರಲ್ಲಿ ಒಬ್ಬರು ಹೆಣ್ಣುಮಗಳಿರಲಿ, ಒಬ್ಬರು ಓದು ಬಾರದವರಿರಲಿ. ಎಲ್ಲಿ ವ್ಯತ್ಯಾಸ ಬಂತು, ಯಾಕೆ ಬಂತು ಎಂದು ಅವರಿಗೆ ಅರ್ಥವಾಗುವಂತೆ ನಿಮ್ಮ ಗುಮಾಸ್ತರು ಆ ತಂತ್ರಾಂಶದಿಂದಲೇ ತೋರಿಸಬೇಕು. ತೋರಿಸಲು ಬಂದರೆ ಕೊಳ್ಳಿ. ಬಾರದಿದ್ದರೆ ಯಂತ್ರವನ್ನು ಪೆಟ್ಟಿಗೆಗೆ ಹಾಕಿ ಮಾರಿದವರಿಗೆ ವಾಪಸ್ ಕೊಡಿ, ಪುಸ್ತಕ ಮುಂದುವರಿಸಿ.